ಸಿಂಗ್ರಿಯ ಕಾರು, ಲಕ್ಕಮ್ಮನ ಕೋಳಿ

ಕೋಡಿಪಾಳ್ಯದಲ್ಲಿ ಲಕ್ಕಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಇಬ್ಬರು ಮಕ್ಕಳು. ಮಗಳು ನೀಲ ಜಾಣೆ. ಮಗ ಸಿಂಗ್ರಿ... ಅವನ ವಿಷಯ ಏನು ಹೇಳಲಿ? ಹೇಳಿದ ಮಾತು ಮೀರೋನಲ್ಲ, ಅದೇ ಅವನ ರೋಗ. "ಹಾಲು ಉಕ್ಕುತ್ತಾ ನೋಡ್ತಿರೋ" ಅಂದರೆ ಉಕ್ಕಿ, ಒಲೆ ಆರಿ, ಪಾತ್ರೆ ಬರಿದಾಗೋ ತನಕ ನೋಡಿ, "ಹ್ಞೂ ಕಣವ್ವ, ಉಕ್ತು" ಅಂತಿದ್ದ. ಹಣೆ ಹಣೆ ಚಚ್ಚಿಕೊಂಡು ಲಕ್ಕಮ್ಮನ ಹಣೆಯೇ ಚಪ್ಪಟೆಯಾಗಿತ್ತು.

ನೀಲ ಮೂರು ಮೈಲಿ ಆಚೆ ಮಾವಿನಕಟ್ಟೆಗೆ ಸೊಸೆಯಾಗಿ ಹೋಗಿದ್ದಳು. ಈಗ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ? ಲಕ್ಕಮ್ಮ ಬಾಣಂತನಕ್ಕೆ ಅಂತ ಏಳು ನಾಟಿ ಕೋಳಿ ಸಾಕಿ, ಮಗಳನ್ನ ಕರೆಯೋಕೆ ಹೋದಳು. ನೀಲನ ಅತ್ತೆ ತಿಮ್ಮಾಜಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಬಸ್ಸಲ್ಲಿ ಕಳ್ಸಲ್ಲ. ಎತ್ತಿನ ಗಾಡೀಲೂ ಕಳ್ಸಲ್ಲ. ಕಾರು ತಂದ್ರೆ ಸರಿ, ಇಲ್ದಿದ್ರೆ ಹೆರಿಗೆ ಇಲ್ಲೇ ಆಗ್ಲಿ!"

ಮಗಳ ಚೊಚ್ಚಲ ಹೆರಿಗೆ ಕೈತಪ್ಪೋದುಂಟೇ? ಲಕ್ಕಮ್ಮ ಇದ್ದ ಕಡಸನ್ನ ಕೊಟ್ಟು, ಪೇಟೆಯ ಮೇಷ್ಟ್ರ ಹತ್ತಿರ ಒಂದು ಹಳೇ ಸಣ್ಣ ಕಾರು ತಗೊಂಡಳು. ಸಿಂಗ್ರಿಗೆ ಕಾರು ಓಡಿಸೋಕೆ ಬರ್ತಿತ್ತು. ಕಲಿಸಿದ ಹಾಗೇ ಓಡಿಸ್ತಿದ್ದ, ಪಾಪ.

"ಮಗಾ, ಪೇಟೆಗೆ ಹೋಗಿ ಕಾರು ತಗೊಂಡು ಸೀದಾ ಮನೆಗೆ ಬಾ. ದಾರೀಲಿ ಎಲ್ಲೂ ನಿಲ್ಲಬೇಡ!"

"ಆಗ್ಲಿ ಕಣವ್ವ!"

ಬಂದ. ದಾರಿಯಲ್ಲಿ ಕಾರಿನ ಮೂತಿಯಿಂದ ಬುಸ್ ಅಂತ ಹೊಗೆ ಎದ್ದಿತು. ನಿಲ್ಲಲಿಲ್ಲ. "ಲೋ, ನಿಲ್ಸೋ, ಸುಟ್ಟೋಗುತ್ತೆ!" ಅಂತ ಜನ ಕೂಗಿದರು. ನಿಲ್ಲಲಿಲ್ಲ. ಮನೆ ಮುಂದೆ ಬರೋ ಹೊತ್ತಿಗೆ ರೇಡಿಯೇಟರಿನ ಪೈಪು ಟಪ್ ಅಂತ ಒಡೀತು.

ಪೇಟೆಯಿಂದ ಮೆಕ್ಯಾನಿಕ್ ಇನಾಯತ್ ಸಾಬರು ಬಂದರು. "ಅರೇ ಪುಣ್ಯಾತ್ಮ! ಬಿಸಿಯಾದ್ರೆ ನಿಲ್ಸಬೇಕು. ತಣ್ಣಗಾಗೋವರ್ಗೂ ಕಾಯ್ಬೇಕು. ಮುಟ್ಟಿ ನೋಡಿ, ಆಮೇಲೆ ನೀರು ಹುಯ್ಬೇಕು!"

"ಆಗ್ಲಿ ಸಾಬ್ರೇ! ಮುಂದಿನ ಸಲ ಹಾಗೇ ಮಾಡ್ತೀನಿ!"

ಹೊಸ ಪೈಪಿಗೆ ಒಂದು ಕೋಳಿ ಸಂತೆಗೆ ಹೋಯಿತು. ಉಳಿದದ್ದು ಆರು.

ಬೆಳಗ್ಗೆ ಕಾರು ಸ್ಟಾರ್ಟೇ ಆಗಲಿಲ್ಲ. ಕೀ ತಿರುಗಿಸಿದರೆ ಟಕ್, ಇನ್ನೊಮ್ಮೆ ತಿರುಗಿಸಿದರೆ ಟಕ್. ಸಿಂಗ್ರಿ ಬಾನೆಟ್ ಎತ್ತಿದ. ಮಧ್ಯಾಹ್ನದವರೆಗೂ ಕಾದ. ಮುಟ್ಟಿ ನೋಡಿದ, ತಣ್ಣಗಿತ್ತು. ಎರಡು ಬಿಂದಿಗೆ ನೀರು ತಂದು ಮೇಲಿಂದ ಸುರಿದ. ಬ್ಯಾಟರಿಗೂ ಸ್ನಾನ, ವೈರಿಗೂ ಸ್ನಾನ!

"ಅಯ್ಯೋ ನಿನ್ನ!" ಅಂದರು ಸಾಬರು. "ಬ್ಯಾಟರಿ ವೀಕಾದ್ರೆ ನೀರು ಹುಯ್ತಾರೇನೋ? ಗಾಡಿ ನಿಂತ್ರೆ ನಾಲ್ಕು ಜನರನ್ನ ಕರಿ! ಹಿಂದಿಂದ ತಳ್ಳಿಸು!"

"ಆಗ್ಲಿ ಸಾಬ್ರೇ! ಮುಂದಿನ ಸಲ ಹಾಗೇ ಮಾಡ್ತೀನಿ!"

ಹೊಸ ಬ್ಯಾಟರಿಗೆ ಎರಡು ಕೋಳಿ ಹೋದವು. ಉಳಿದದ್ದು ನಾಲ್ಕು. ಲಕ್ಕಮ್ಮ ಗೂಡಿನ ಮುಂದೆ ಕೂತು ಎಣಿಸಿದಳು, ನಿಟ್ಟುಸಿರು ಬಿಟ್ಟಳು.

ಮಾರನೇ ದಿನ ಪೆಟ್ರೋಲ್ ಹಾಕಿಸಿಕೊಂಡು ಬರುವಾಗ ಹಿಂದಿನ ಚಕ್ರ ಪಂಚರ್. ಕಾರು ಕುಂಟಿಕೊಂಡು ನಿಂತಿತು. ಗಾಡಿ ನಿಂತರೆ ಏನು ಮಾಡಬೇಕು? ಸಿಂಗ್ರಿಗೆ ಬಾಯಿಪಾಠ ಆಗಿತ್ತು. ಹೊಲದಲ್ಲಿದ್ದ ನಾಲ್ಕು ಜನರನ್ನ ಕರೆದ. "ತಳ್ರಪ್ಪೋ, ಐಸಾ!" ಅವರು ತಳ್ಳಿದರು, ಇವನು ತಳ್ಳಿಸಿದ. ಒಂದು ಮೈಲಿ ಬರೋದರೊಳಗೆ ಟೈರು ಚಿಂದಿ, ಟ್ಯೂಬು ಚಿಂದಿ!

"ನಿನ್ನ ತಲೇಲಿ ಏನಿದೆಯೋ?" ಸಾಬರು ತಮ್ಮ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಗಾಡಿ ಅಲ್ಲೇ ಬಿಡು! ಯಾವುದು ಕೆಟ್ಟಿದೆಯೋ ಅದನ್ನ ಬಿಚ್ಚಿ, ಹೊತ್ಕೊಂಡು ನನ್ನ ಹತ್ರ ಬಾ!"

"ಆಗ್ಲಿ ಸಾಬ್ರೇ! ಮುಂದಿನ ಸಲ ಹಾಗೇ ಮಾಡ್ತೀನಿ!"

ಟೈರಿಗೆ ಎರಡು ಕೋಳಿ. ಉಳಿದದ್ದು ಎರಡು.

ಎರಡು ದಿನ ಕಾರು ಚೆನ್ನಾಗಿತ್ತು. ಮೂರನೇ ದಿನ ಹಾರನ್ ಕೂಗಲಿಲ್ಲ. ಹಾರನ್ನಿನ ಗುಂಡಿ ಎಲ್ಲಿರುತ್ತೆ? ಸ್ಟೇರಿಂಗಿನ ನಡುವೆ. ಸಿಂಗ್ರಿ ಕಾರನ್ನ ಕೆರೆ ಏರಿಯ ಮೇಲೆ ಬಿಟ್ಟು, ಸ್ಪ್ಯಾನರ್ ಹಾಕಿ ಸ್ಟೇರಿಂಗನ್ನೇ ಬಿಚ್ಚಿದ. ಮದುವೆ ಗಂಡಿನ ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ಪೇಟೆಗೆ ನಡೆದ.

"ಇದೇನೋ?"

"ಕೆಟ್ಟಿದ್ದು ಸಾಬ್ರೇ! ಬಿಚ್ಕೊಂಡು ಬಂದೆ!"

"ಕಾರೆಲ್ಲಿ?"

"ಏರಿ ಮೇಲೆ!"

"ಹ್ಯಾಂಡ್ ಬ್ರೇಕ್ ಹಾಕಿದೀಯಾ?"

"ನೀವು ಹೇಳ್ಲಿಲ್ಲವಲ್ಲ!"

ಸಾಬರು ಅಂಗಡಿ ಬಾಗಿಲು ಎಳೆದು ಓಡಿದರು. ಕಾರು ತಾನೇ ಇಳಿದು ಬಂದು ಯಾರದೋ ಹುಲ್ಲಿನ ಬಣವೆಯಲ್ಲಿ ಮೂತಿ ತೂರಿಸಿ ತೆಪ್ಪಗೆ ನಿಂತಿತ್ತು. ಬಣವೆಯವನಿಗೆ ಒಂದು ಕೋಳಿ ಕೊಟ್ಟು ಸಮಾಧಾನ ಮಾಡಿದ್ದಾಯಿತು. ಉಳಿದದ್ದು ಒಂದೇ ಒಂದು, ಕೆಂಪು ಹೇಟೆ. ಲಕ್ಕಮ್ಮನ ಕಣ್ಣಲ್ಲಿ ನೀರು ಬಂತು. ಅದನ್ನ ನೋಡಲಾರದೆ ಸಾಬರು ಪುಕ್ಕಟೆಯಾಗಿ ಇಡೀ ದಿನ ಕೂತು ಕಾರನ್ನ ರಿಪೇರಿ ಮಾಡಿದರು. ಸ್ಟೇರಿಂಗ್ ಕೂರಿಸಿದರು, ಪ್ಲಗ್ ಉಜ್ಜಿದರು, ಬೆಲ್ಟ್ ಬಿಗಿದರು, ಆಯಿಲ್ ಬದಲಾಯಿಸಿದರು. ಕೀ ಮುಟ್ಟಿದರೆ ಸಾಕು, ಬುರ್ರ್ ಅಂತ ಎದ್ದು ಕೂರೋ ಹಾಗಾಯಿತು.

"ಮಗಾ," ಅಂದಳು ಲಕ್ಕಮ್ಮ, "ಇವತ್ತೇ ಹೋಗಿ ತಂಗೀನ ಕರ್ಕೊಂಡು ಬಾ. ತುಂಬಿದ ಬಸುರಿ. ಅವಳು ಕೂತ ಮೇಲೆ ಗಾಡಿ ಗಡಗಡ ಅನ್ನಬಾರದು, ಹೊಗೆ ಬರಬಾರದು, ಬಿಸಿಯಾಗಬಾರದು. ತಿಳೀತಾ?"

"ಆಗ್ಲಿ ಕಣವ್ವ!"

ಮಾವಿನಕಟ್ಟೆಗೆ ಕಾರು ಹೂವಿನ ಹಾಗೆ ಹೋಯಿತು. ತಿಮ್ಮಾಜಮ್ಮ ಸುತ್ತ ತಿರುಗಿ ನೋಡಿ, "ಪರವಾಗಿಲ್ಲ" ಅಂದು ನೀಲನಿಗೆ ಮಡಿಲು ತುಂಬಿ ಹಿಂದಿನ ಸೀಟಿನಲ್ಲಿ ಕೂರಿಸಿದಳು. ಸಿಂಗ್ರಿ ಕೀ ತಿರುಗಿಸಿದ. ಗಡಗಡ! ಆಫ್ ಮಾಡಿದ. ಮತ್ತೆ ತಿರುಗಿಸಿದ. ಗಡಗಡ, ಜೊತೆಗೆ ಹಿಂದಿನಿಂದ ಒಂದಿಷ್ಟು ಹೊಗೆ. ಆಫ್ ಮಾಡಿ ಕೀಯನ್ನ ಜೇಬಿಗೆ ಹಾಕಿಕೊಂಡ.

"ಅತ್ತೆ, ತಳ್ಳೋಕೆ ನಾಲ್ಕು ಜನ ಬೇಕು!"

ಕಾರು ನಿಂತುಹೋಗಿದೆ ಅಂದುಕೊಂಡು ನೀಲನ ಗಂಡ ಬಂದ, ಮೈದುನ ಬಂದ, ಮಾವ ಬಂದರು. ಮೂರಾಯಿತು. "ನಾಲ್ಕು ಅಂದ್ರು ಸಾಬ್ರು" ಅಂತ ಸಿಂಗ್ರಿ ಹಟ ಹಿಡಿದ. ತಿಮ್ಮಾಜಮ್ಮ ಸೆರಗು ಸಿಕ್ಕಿಸಿದಳು. "ನನ್ನ ಸೊಸೆ, ನನ್ನ ಮೊಮ್ಮಗು. ನಾನೇ ಬರ್ತೀನಿ!"

ತಳ್ಳಿದರು, ತಳ್ಳಿದರು. ಇನ್ನೇನು ಆ ತಿರುವಿನಲ್ಲಿ ಹತ್ತಿಕೊಳ್ಳುತ್ತೆ ಅಂತ ತಳ್ಳಿದರು. ಈ ಇಳಿಜಾರಿನಲ್ಲಿ ಹತ್ತಿಕೊಳ್ಳುತ್ತೆ ಅಂತ ತಳ್ಳಿದರು.

"ಅಣ್ಣ, ಕೀ ಹಾಕೋ!" ಅಂದಳು ನೀಲ.

"ಅವ್ವ ಬೈತಾಳೆ ಕಣೇ! ಗಡಗಡ ಅನ್ನಬಾರದಂತೆ!"

ನೀಲನಿಗೆ ಎಲ್ಲ ಅರ್ಥವಾಯಿತು. ಇಳಿದು ಹೇಳೋಣ ಅಂದರೆ ನಗು ತಡೆಯೋಕಾಗ್ತಿಲ್ಲ. ಮೊದಲ ಸಲ ಅತ್ತೆ ತನ್ನನ್ನ ಮೆರವಣಿಗೆ ಮಾಡ್ತಿದ್ದಾಳೆ, ಯಾಕೆ ತಪ್ಪಿಸಲಿ? ಸುಮ್ಮನೆ ಹೊಟ್ಟೆ ಹಿಡಿದುಕೊಂಡು ಕೂತಳು.

ಮೂರು ಮೈಲಿ ಆಯಿತು. ಕೋಡಿಪಾಳ್ಯ ಬಂತು. ಲಕ್ಕಮ್ಮ ಬಾಗಿಲಿಗೆ ಓಡಿ ಬಂದಳು.

"ಅಯ್ಯೋ, ಮತ್ತೆ ಕೆಡ್ತಾ?"

"ಇಲ್ಲ ಕಣವ್ವ! ಚೆನ್ನಾಗೇ ಇದೆ!" ಸಿಂಗ್ರಿ ತಂಗಿಯನ್ನ ಇಳಿಸಿ, ಜೇಬಿನಿಂದ ಕೀ ತೆಗೆದು ತಿರುಗಿಸಿದ. ಬುರ್ರ್!

ನಾಲ್ಕು ಜನ ನಿಂತಲ್ಲೇ ಕಂಬವಾದರು. ತಿಮ್ಮಾಜಮ್ಮನ ಮುಖ ಕೆಂಡವಾಯಿತು, ಮೂಗಿನಿಂದ ಬುಸ್ ಬುಸ್ ಅಂತ ಉಸಿರು. ಲಕ್ಕಮ್ಮ ಮಗಳ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಸೊಸೆಯನ್ನ ವಾಪಸ್ ಕರೆದುಕೊಂಡು ಹೊರಟರೆ ಗತಿ ಏನು?

"ಲೋ, ನಿಮ್ಮತ್ತೆಗೆ ನೀರು ತಾರೋ, ಬೇಗ!"

ಸಿಂಗ್ರಿ ತುಂಬಿದ ಬಿಂದಿಗೆ ತಂದ. ತಂದವನು ನಿಂತೇ ಇದ್ದ.

"ಕೊಡೋ!"

"ತಾಳವ್ವ! ಇನ್ನೂ ಬಿಸಿ ಅವ್ರೆ!"

ತಿಮ್ಮಾಜಮ್ಮ ಜಗಲಿಯ ಮೇಲೆ ಕುಕ್ಕರಿಸಿದಳು. ಸೆರಗಿನಿಂದ ಗಾಳಿ ಹಾಕಿಕೊಂಡಳು. ಉಸಿರು ಹತೋಟಿಗೆ ಬಂತು. ಸಿಂಗ್ರಿ ಮೆಲ್ಲಗೆ ಅವಳ ಹಣೆ ಮುಟ್ಟಿ ನೋಡಿದ. "ಹ್ಞಾ, ತಣ್ಣಗಾಯ್ತು!" ಅಂದ. ಅಂದು, ಇಡೀ ಬಿಂದಿಗೆಯನ್ನ ಅವಳ ತಲೆ ಮೇಲೆ ಸುರಿದ!

ಲಕ್ಕಮ್ಮ ಕಣ್ಣು ಮುಚ್ಚಿಕೊಂಡಳು. ಆಗ ನೀಲ ನಕ್ಕಳು, ತಡೆಹಿಡಿದ ಮೂರು ಮೈಲಿ ನಗುವನ್ನೆಲ್ಲ ಒಟ್ಟಿಗೇ ನಕ್ಕಳು. ಸೊಸೆ ಅಷ್ಟು ನಕ್ಕಿದ್ದನ್ನ ತಿಮ್ಮಾಜಮ್ಮ ಕಂಡೇ ಇರಲಿಲ್ಲ. ತೊಟ್ಟಿಕ್ಕುವ ಮುಖ ಒರೆಸಿಕೊಂಡಳು. ತುಟಿ ಅದುರಿತು, ಅವಳೂ ನಕ್ಕುಬಿಟ್ಟಳು.

"ಏನೇ ಅನ್ನು ಲಕ್ಕಕ್ಕ, ಹುಡುಗಿ ಒಂದು ಕುಲುಕು ಕಾಣದೆ ಬಂದ್ಲು. ಇಲ್ಲೇ ಇರ್ಲಿ ಬಿಡು. ನಿನ್ನ ಗೂಡಲ್ಲಿ ಒಂದೇ ಹೇಟೆ ಐತಲ್ಲ? ಬಾಣಂತಿಗೆ ಆರು ಕೋಳಿ ನಾನು ಕಳಿಸ್ತೀನಿ." ಆಮೇಲೆ ಸಿಂಗ್ರಿ ಕಡೆ ತಿರುಗಿದಳು. "ಲೋ, ಬೆನ್ನು ಉರೀತದೆ. ಇನ್ನೊಂದು ಬಿಂದಿಗೆ ತಂದು ಹುಯ್ಯೋ!"

ಸಿಂಗ್ರಿ ಬಿಂದಿಗೆ ತಂದ. ತಂದವನು ನಿಂತೇ ಇದ್ದ.

"ಹುಯ್ಯೋ!"

"ತಾಳಿ ಅತ್ತೆ! ಮೊದ್ಲು ತಣ್ಣಗಾಗ್ಲಿ!"

ಅವನು ಅಲ್ಲಿ ಬಿಂದಿಗೆ ಹಿಡಿದು ಕಾಯ್ತಾ ಇರಲಿ, ನಾವು ಇಲ್ಲಿಂದ ಏಳೋಣ.