ದಳವಾಯಿಯ ಡಂಗುರಕ್ಕೆ ಸೇರಿದ ಸಾಲು

"ಹಳೆಯ ಅರಸ ಸತ್ತ, ಅವನ ಕಟ್ಟಳೆಗಳೂ ಸತ್ತವು! ದಳವಾಯಿ ಸಿಂಗರಸರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವರ ತಲೆ ಹೋಗುತ್ತದೆ!" ಕೋಟೆ ಹಿಡಿದು ಗದ್ದುಗೆ ಏರಿದ ವಾರಕ್ಕೇ ಸಿಂಗರಸ ಹೀಗೆ ಡಂಗುರ ಹೊಡೆಸಿದ.

ಕೆರೆಯ ತೂಬು ಕಾಯುವ ನೀರುಗಂಟಿ ದುಗ್ಗನಿಗೆ ಅಂದಿನಿಂದ ನೆಮ್ಮದಿ ಹಾಳಾಯಿತು. ಯಾರ ಗದ್ದೆಗೆ ಯಾವ ದಿನ ನೀರು ಎಂಬ ಸರದಿಯೂ ಹಳೆಯ ಕಟ್ಟಳೆಯೇ. ಅದು ಸತ್ತಿತೆಂದು ಮೇಲಿನ ಗದ್ದೆಯವರು ಕುಡುಗೋಲು ಹಿಡಿದು ತೂಬಿನ ಮೇಲೇ ಕೂತುಬಿಟ್ಟರು. ಇಂದೋ ನಾಳೆಯೋ ಹೆಣ ಬೀಳುವುದು ಖಂಡಿತ ಎನಿಸಿ, ಒಗಟು ಬಿಡಿಸಿಯಾದರೂ ಸರದಿ ಉಳಿಸಿಕೊಳ್ಳೋಣವೆಂದು ಹೆದರಿಕೊಂಡೇ ದುಗ್ಗ ಅರಮನೆಗೆ ಹೊರಟ.

"ಅರಸ ಸತ್ತ ದಿನವೂ ಸಾಯದ್ದು ಯಾವುದು?" ಎಂದು ಸಿಂಗರಸ ಕೇಳುತ್ತಿದ್ದ.

"ಅವನ ಕೀರ್ತಿ," ಎಂದ ಒಬ್ಬ ಪಂಡಿತ.

"ಅದು ಅವನಿಗಿಂತ ಮೊದಲೇ ಸತ್ತಿತ್ತು."

"ಹಾಗಾದರೆ ಕತ್ತಿ," ಎಂದ ಒಬ್ಬ ಸರದಾರ.

"ಅದು ಈಗ ನನ್ನ ಸೊಂಟದಲ್ಲಿದೆ." ಇಬ್ಬರಿಗೂ ಬೇಡಿ ಬಿತ್ತು.

ದುಗ್ಗ ಮುಂದೆ ಬಂದ. "ನೀರಿನ ಸರದಿ ಬುದ್ಧೀ. ಕೋಟೆ ಬಿದ್ದ ದಿನವೂ ನಾನು ತೂಬು ಎತ್ತಿದೆ. ಯಾವ ಅರಸನ ನೀರು ಅಂತ ಯಾರೂ ಕೇಳಲಿಲ್ಲ."

ಸಿಂಗರಸ ನೆಟ್ಟಗೆ ಕೂತ. "ಕಟ್ಟಿಸಿದವನನ್ನೂ ತಡೆಯುವ ಗೋಡೆ ಯಾವುದು?"

"ಕಟ್ಟಳೆ. ಅರಮನೆ ತೋಟದ ಸರದಿ ಐದನೇ ದಿನ. ಮೂರನೇ ದಿನ, ಅದನ್ನು ಮಾಡಿದ ಹಳೆಯ ಅರಸರೇ ಬಂದು ನಿಂತರೂ ನಮ್ಮಪ್ಪ ನೀರು ಬಿಡಲಿಲ್ಲ. ಅವರು ಸುಮ್ಮನೆ ಹಿಂದಕ್ಕೆ ಹೋದರು."

"ಮೈಯೆಲ್ಲ ಬದಲಾದರೂ ಹೆಸರು ಉಳಿಸಿಕೊಂಡದ್ದು?"

"ನಮ್ಮ ಕೆರೆ. ಏರಿಯ ಮಣ್ಣು ಹೊಸದು, ತೂಬಿನ ಕಲ್ಲು ಹೊಸದು, ನೀರಂತೂ ವರ್ಷ ವರ್ಷ ಹೊಸದು. ಆದರೆ ಒಂದೊಂದು ಕಡೆ ಬಿಚ್ಚಿ ಕಟ್ಟಿದೆವು. ಒಂದೇ ದಿನ ಏರಿಯನ್ನೆಲ್ಲ ಒಡೆದಿದ್ದರೆ ಊರೇ ಕೊಚ್ಚಿಹೋಗುತ್ತಿತ್ತು."

ಗದ್ದುಗೆ ಏರಿದಂದಿನಿಂದ ತನ್ನನ್ನು ಕಾಡುತ್ತಿದ್ದ, ಹಳೆಯದನ್ನು ಕೆಡವಿ ರಾಜ್ಯ ಉಳಿಸಿಕೊಳ್ಳುವುದು ಹೇಗೆಂಬ ಪ್ರಶ್ನೆಯನ್ನೇ ಸಿಂಗರಸ ಒಗಟು ಮಾಡಿದ್ದ. "ಏನು ಬೇಕು, ಕೇಳು," ಎಂದ ಮೆತ್ತಗೆ.

"ಡಂಗುರಕ್ಕೆ ಒಂದು ಸಾಲು ಸೇರಿಸಿ ಬುದ್ಧಿ. ಊರವರು ಕೂತು ಹೊಸ ಕಟ್ಟಳೆ ಮಾಡುವವರೆಗೆ ಹಳೆಯದೇ ನಡೆಯಲಿ."

ಸಿಂಗರಸ ಬರೆಸಿ ಮುದ್ರೆ ಒತ್ತಿದ. ಆಮೇಲೆ ಪಂಡಿತ, ಸರದಾರರ ತಲೆ ತೆಗೆಯಲು ಸನ್ನೆ ಮಾಡಿದ.

"ಆಗದು ಬುದ್ಧಿ," ಎಂದ ದುಗ್ಗ, ಕೈಮುಗಿದುಕೊಂಡೇ. "ಹಿರಿಯರು ವಿಚಾರಣೆ ಮಾಡದೆ ಯಾರ ತಲೆಯನ್ನೂ ತೆಗೆಯುವ ಹಾಗಿಲ್ಲ. ಅದೂ ಹಳೆಯ ಕಟ್ಟಳೆ."

ಸಿಂಗರಸನ ಕೈ ಕತ್ತಿಯ ಹಿಡಿಗೆ ಹೋಯಿತು. ದುಗ್ಗ ಕಣ್ಣು ಮುಚ್ಚಿಕೊಂಡ. ಸ್ವಲ್ಪ ಹೊತ್ತಿಗೆ ಕೇಳಿಸಿದ್ದು ಬೇಡಿ ಬಿಚ್ಚಿದ ಸದ್ದು.

"ಹೊಸ ಕಟ್ಟಳೆ ಮಾಡುವ ದಿನ ನನ್ನ ಪಕ್ಕದಲ್ಲಿ ಕೂರಬೇಕು ನೀನು," ಎಂದ ಸಿಂಗರಸ.

ಪಂಡಿತ ಮಣಿಕಟ್ಟು ಸವರಿಕೊಳ್ಳುತ್ತಾ ಬಾಗಿ, "ನಮ್ಮ ಅರಸರು ಚೆನ್ನಾಗಿರಲಿ," ಎಂದ. ಕೋಟೆ ಹಿಡಿದು ಇಷ್ಟು ದಿನವಾದರೂ ಸಿಂಗರಸನನ್ನು ಯಾರಾದರೂ ಅರಸ ಎಂದದ್ದು ಅದೇ ಮೊದಲು.