ಸುಂಕ ಕಟ್ಟದೆ ಬಂದದ್ದು

"ಅಂಬಲೂರಿನ ಪ್ರಜೆಗಳೆಲ್ಲ ಕೇಳಿ. ರಾಜಕುಮಾರಿ ವೀರಾಂಬೆಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ."

ಡಂಗುರದವನು ಇಷ್ಟು ಹೇಳುವುದರೊಳಗೆ ನಾಲ್ಕು ಸಲ ಕೆಮ್ಮಿದ. ಊರೇ ಕೆಮ್ಮುತ್ತಿತ್ತು. ಮೂರು ವರ್ಷದ ಹಿಂದೆ ಐದು ರಾಜ್ಯಗಳು ಸೇರಿ, ಗಾಳಿ ಕೆಡಿಸುವ ಸುಣ್ಣದ ಗೂಡುಗಳನ್ನು ಮುಚ್ಚುವ ಒಪ್ಪಂದ ಮಾಡಿಕೊಂಡಿದ್ದವು. ಅಂಬಲೂರು ತನ್ನ ಗೂಡುಗಳನ್ನೆಲ್ಲ ಮುಚ್ಚಿತ್ತು. ಪಡುವಣ ಗಡಿಯಾಚೆಯ ತೊರೆಸಾಲು ಮಾತ್ರ ಒಪ್ಪಂದಕ್ಕೆ ಸೇರಿರಲಿಲ್ಲ.

ಮೊದಲು ಒಬ್ಬ ಅರಸುಕುಮಾರ ಬಂದ. ರಾಜಕುಮಾರಿ ಕೇಳಿದಳು: "ನಾನು ಅದನ್ನು ನನ್ನ ನೆಲದಲ್ಲಿ ಮುಗಿಸಿದೆ. ಈಗ ದಿನವೂ ಗಡಿ ದಾಟಿ ಬರುತ್ತದೆ. ಸುಂಕ ಕಟ್ಟುವುದಿಲ್ಲ, ಕಾವಲಿಗೆ ಸಿಗುವುದಿಲ್ಲ. ಏನದು?"

ಅವನು ಗೂಢಚಾರ ಎಂದ. ತಲೆ ಹೋಯಿತು.

ಎರಡನೆಯವನು ವರ್ತಕ. ಮೊದಲನೆಯದನ್ನು ಬಿಡಿಸಿದ. ಎರಡನೆಯದು ಹೀಗಿತ್ತು: "ಅದು ಬೆಳ್ಳಗೆ ಬರುತ್ತದೆ. ತನ್ನ ಕಪ್ಪನ್ನು ಹುಟ್ಟಿದಲ್ಲೇ ಬಿಟ್ಟಿರುತ್ತದೆ. ಅದನ್ನು ಮನೆಗೆ ತಂದುಕೊಂಡು ನಾವು ಶುಚಿ ಎನ್ನುತ್ತೇವೆ." ವರ್ತಕ ಕಪ್ಪು ಮಣ್ಣಿನ ಹತ್ತಿ ಎಂದ. ಸಭೆ ತಲೆದೂಗಿತು, ರಾಜಕುಮಾರಿ ತೂಗಲಿಲ್ಲ. ಅವನ ತಲೆಯೂ ಹೋಯಿತು.

ಮೂರನೆಯವನು ಮಡಿವಾಳರ ದ್ಯಾವಣ್ಣ. ಅರಮನೆಯ ಬಟ್ಟೆಗೆ ಮಸಿ ಹತ್ತಿದೆ, ಸರಿಯಾಗಿ ಒಗೆದಿಲ್ಲ ಎಂದು ಉಗ್ರಾಣದವರು ಅವನ ಅಕ್ಕ ಹೊನ್ನಾಜಿಯನ್ನು ಸೆರೆಯಲ್ಲಿಟ್ಟಿದ್ದರು. ಅವಳನ್ನು ಬಿಡಿಸಲು ಅವನಿಗೆ ಬೇರೆ ದಾರಿ ಇರಲಿಲ್ಲ.

"ಒಗೆಯೋದು ಬಿಟ್ಟು ಒಗಟಿಗೆ ಬಂದೆಯಾ?" ಎಂದ ಒಬ್ಬ ಮಂತ್ರಿ.

"ಒಗೆದದ್ದು ಬೆಳ್ಳಗಾಗ್ತಿಲ್ಲ ಬುದ್ಧಿ, ಅದಕ್ಕೇ ಬಂದೆ."

ಮೊದಲ ಒಗಟು ಕೇಳಿ ಅವನೆಂದ: "ಹೊಗೆ, ಅಮ್ಮಣ್ಣಿ. ಪಡುವಣ ಗಾಳಿ ಬೀಸಿದ ದಿನ ಹರವಿದ ಬಟ್ಟೆ ಮೇಲೆ ಮಸಿ ಕೂರುತ್ತೆ. ಮೂಡಣ ಗಾಳಿಗೆ ಕೂರಲ್ಲ. ಮೂರು ವರ್ಷದಿಂದ ನೋಡ್ತಿದ್ದೀನಿ."

ಎರಡನೆಯದಕ್ಕೆ ಸಭೆಯ ಬಿಳಿ ಗೋಡೆ ನೋಡಿ ಹೇಳಿದ. "ಸುಣ್ಣ. ನಮ್ಮ ಗೂಡು ಆರಿದ ತಿಂಗಳೇ ತೊರೆಸಾಲಲ್ಲಿ ಅಷ್ಟೇ ಗೂಡು ಹೊತ್ತಿಕೊಂಡ್ವು. ಈ ಗೋಡೆಗೆ ಬಳಿದಿರೋದೂ ಅಲ್ಲಿಂದ ಕತ್ತೆ ಮೇಲೆ ಬಂದದ್ದೇ."

ಮಂತ್ರಿಗಳು ಗೋಡೆ ಬಿಟ್ಟು ಬೇರೆಡೆ ನೋಡಿದರು.

"ಒಂದು ಬಾಗಿಲಿದೆ," ಎಂದಳು ರಾಜಕುಮಾರಿ. "ಮುಚ್ಚಿದರೆ ನನ್ನವರು ಮನೆ ಕಟ್ಟಲಾರರು. ತೆರೆದಿಟ್ಟರೆ ಉಸಿರಾಡಲಾರರು. ಅಲ್ಲಿ ಯಾರನ್ನು ಕಾವಲಿಗಿಡಲಿ?"

ಬಾಗಿಲು ಎಂದರೆ ಗಡಿ ಎಂದು ದ್ಯಾವಣ್ಣನಿಗೆ ತಿಳಿದಿತ್ತು, ಕಾವಲು ತಿಳಿಯಲಿಲ್ಲ. ಅವನು ಹೊಳೆಯನ್ನು ನೆನೆದ. ಮೇಲಿನ ಕಲ್ಲಲ್ಲಿ ಬಣ್ಣ ಬಿಡುವ ಬಟ್ಟೆ ಒಗೆದರೆ ಕೆಳಗಿನವರ ನೀರು ಕೆಡುತ್ತದೆ. ಹಾಗೆಂದು ಮೇಲಿನವರನ್ನು ಓಡಿಸುವುದಿಲ್ಲ. ಬಣ್ಣ ಬಿಟ್ಟಷ್ಟಕ್ಕೂ ಅವರು ಕೆಳಗಿನವರಿಗೆ ಬಟ್ಟೆ ಬೇಯಿಸಲು ಸೌದೆ ಕೊಡಬೇಕು. ಊರೊಳಗಿನವರಾದರೂ ಹೊರಗಿನವರಾದರೂ ಅದೇ ಕಟ್ಟಳೆ.

"ಸುಂಕದವನನ್ನು ಇಡಿ, ಅಮ್ಮಣ್ಣಿ. ಆದರೆ ಅವನು ಸುಣ್ಣ ತೂಗಬಾರದು, ಅದನ್ನು ಸುಡುವಾಗ ಬಿಟ್ಟ ಹೊಗೆಯ ಲೆಕ್ಕ ಹಿಡಿಯಬೇಕು. ಹಸಿ ಸೌದೆಯಲ್ಲಿ ಸುಟ್ಟದ್ದಕ್ಕೆ ಹೆಚ್ಚು, ಒಣ ಸೌದೆಯದ್ದಕ್ಕೆ ಕಡಿಮೆ. ನಾಳೆ ನಮ್ಮವರು ಗೂಡು ಹಚ್ಚಿದರೂ ಅಷ್ಟೇ ಸುಂಕ. ಬಂದ ಸುಂಕವನ್ನು ತೊರೆಸಾಲಿನವರಿಗೇ ಕೊಡಿ, ಹೊಗೆ ಕಡಿಮೆಯ ಒಳ್ಳೆ ಗೂಡು ಕಟ್ಟಿಕೊಳ್ಳಲಿ."

"ತೊರೆಸಾಲಿನವರು ಸಿಟ್ಟಾಗುವುದಿಲ್ಲವೇ?"

"ಮೊದಲು ಆಗ್ತಾರೆ. ಅವರ ಬಟ್ಟೆಗೂ ಮಸಿ ಕೂರುತ್ತಲ್ಲ."

ಮೂರನೆಯದಕ್ಕೆ ತನ್ನಲ್ಲೂ ಉತ್ತರವಿರಲಿಲ್ಲ ಎಂದು ರಾಜಕುಮಾರಿ ಒಪ್ಪಿಕೊಂಡಳು. ಏನು ಬೇಕೆಂದು ಕೇಳಿದಳು. ಅವನು ಅಕ್ಕನನ್ನು ಕೇಳಿದ. ಅವಳನ್ನು ಸೆರೆಯಿಂದ ಬಿಡಿಸಿ, ಅವನನ್ನೇ ಗಡಿಯ ಸುಂಕಕ್ಕೆ ನೇಮಿಸಿದಳು.

ತೊರೆಸಾಲು ಒಂದು ಬೇಸಿಗೆ ಸುಣ್ಣ ಕಳಿಸಲಿಲ್ಲ. ಮರುವರ್ಷ ಒಣ ಸೌದೆಯ ಗೂಡು ಕಟ್ಟಿತು, ಹಳೆಯವನ್ನು ಮುಚ್ಚಿ ಒಪ್ಪಂದಕ್ಕೂ ಸೇರಿತು. ಅದು ಮುಂದಿನ ಮಾತು. ಆ ಸಂಜೆ ಸೆರೆಯ ಬಾಗಿಲು ತೆರೆದಾಗ ಹೊನ್ನಾಜಿ ತಮ್ಮನ ಕತ್ತನ್ನು ಎರಡೂ ಕೈಯಿಂದ ಮುಟ್ಟಿ ನೋಡಿದಳು.

"ತಲೆ ಪಣಕ್ಕಿಡು ಅಂತ ನಿನಗೆ ಯಾರೋ ಹೇಳಿದ್ದು?" ಎಂದು ಬೈಯುತ್ತಲೇ ಮನೆಯವರೆಗೂ ನಡೆದಳು.