ಹೆಜ್ಜೆ ಬೀಳದ ಅಂಗಳ

ಬ್ರಹ್ಮಪುತ್ರದ ದಡದಲ್ಲಿ ಒಬ್ಬ ಗುರುಗಳಿದ್ದರು. ಹಾಡು ಕಲಿಸುತ್ತಿದ್ದರು.

ಆ ಸೀಮೆಯಲ್ಲಿ ಬಿಹು ಹಬ್ಬ ಬಂದರೆ ಹಾಡುವವರು ಮನೆಮನೆಗೆ ಹೋಗಬೇಕು. ಅಂಗಳದಲ್ಲಿ ಹಾಡಬೇಕು. ಕೊನೆಗೆ ಆ ಮನೆಯನ್ನು ಹರಸಬೇಕು. ಮನೆಯವರು ಅಡಿಕೆ ಕೊಡುತ್ತಾರೆ.

ಆ ವರ್ಷ ಗುರುಗಳ ಕಾಲು ಉಳುಕಿತ್ತು. ಶಿಷ್ಯ ಹೇಮಧರನೇ ಮೇಳ ಕಟ್ಟಿಕೊಂಡು ಹೋದ. ಮಧ್ಯಾಹ್ನ ಕುಣಿಯುತ್ತಾ ಬಂದ.

"ಗುರುಗಳೇ, ನನ್ನ ಹೊಸ ಹಾಡು ಗೆದ್ದಿತು! ಏಳು ಮನೆಯಲ್ಲಿ ಹಾಡಿದೆ. ದೊಡ್ಡಮನೆ ಯಜಮಾನರು ಕಣ್ಣೊರೆಸಿಕೊಂಡರು."

"ಯಾವ ಹಾಡು?"

"ತರುಲತಾಳ ಬಡತನದ್ದು. ಊರವರ ಮನೇಲಿ ಕಾಲಲ್ಲಿ ತುಳಿಯೋ ಒನಕೇಲಿ ಅಕ್ಕಿ ಕುಟ್ಟಿ ಹಬ್ಬದ ಹಿಟ್ಟು ಮಾಡಿಕೊಡ್ತಾಳಲ್ಲ, ಅವಳದು. 'ಊರ ಹಿಟ್ಟು ತುಳಿದ ಕಾಲು, ತನ್ನ ಒಲೆ ಮುಂದೆ ಅಳುವ ಕಾಲು' ಅಂತ."

"ಅವಳ ಅಂಗಳದಲ್ಲಿ ಹಾಡಿದೆಯಾ?"

ಹೇಮಧರ ತಲೆ ಕೆರೆದುಕೊಂಡ.

"ಇಲ್ಲ. ಕೊಡೋಕೆ ಅವಳ ಹತ್ತಿರ ಏನಿದೆ? ಹಬ್ಬದ ದಿನ ಯಾಕೆ ಅವಮಾನ ಅಂತ ದಾಟಿ ಬಂದೆ."

ಗುರುಗಳು ಕೋಲಿಗೆ ಕೈ ಚಾಚಿದರು.

"ನಾನೂ ಮೂರು ವರ್ಷ ಹಾಗೇ ದಾಟಿದೆ. ಕರುಣೆ ಅಂದುಕೊಂಡು."

ಕೋಲು ಹಿಡಿದು ಎದ್ದರು. ಕುಂಟುತ್ತಾ ಮುಂದೆ ನಡೆದರು. ಮೇಳ ಹಿಂದೆ ನಡೆಯಿತು.

ತರುಲತಾ ಅಂಗಳವನ್ನು ಬೆಳಗ್ಗೆಯೇ ಸಾರಿಸಿದ್ದಳು. ಅದರ ಮೇಲೆ ಒಂದು ಹೆಜ್ಜೆಯೂ ಬಿದ್ದಿರಲಿಲ್ಲ.

ಅವಳು ಬಾಗಿಲಲ್ಲೇ ಕೂತಿದ್ದಳು.

"ಬಂದ್ರಾ? ನನ್ನ ಹೆಸರು ಹೇಳಿ ಏಳು ಮನೇಲಿ ಅಳಿಸಿದಿರಂತೆ. ನಾನೇನು ಸತ್ತುಹೋಗಿದ್ನಾ?"

ಗುರುಗಳ ಕಡೆ ತಿರುಗಿದಳು.

"ನಮ್ಮನೆಯವರು ಇದ್ದಾಗ ಪ್ರತಿ ವರ್ಷ ಬರ್ತಿದ್ರಿ. ಅವರು ಹೋದ ಮೇಲೆ ಇದು ಮನೆ ಅಲ್ವಾ?"

"ತಪ್ಪಾಯಿತು ತಾಯಿ," ಅಂದರು ಗುರುಗಳು. ಶಿಷ್ಯನ ಕಡೆ ತಿರುಗಿದರು. "ಹಾಡು."

ಹೇಮಧರ ಅದೇ ಹಾಡು ಹಾಡಿದ. ಎರಡನೇ ಸಾಲಿಗೇ ಅವಳು ಕೈ ಎತ್ತಿದಳು.

"ಯಾರಪ್ಪಾ ಅತ್ತದ್ದು? ನನ್ನ ಕಾಲು ಒಂದಿನಾನೂ ಅತ್ತಿಲ್ಲ. ಈ ಕಾಲು ನಿಂತರೆ ನಿಮ್ಮೂರಿಗೆ ಹಬ್ಬವೇ ಇಲ್ಲ. ಅದನ್ನ ಹಾಡು!"

ಎದ್ದು ನಿಂತಳು. ಒನಕೆ ತುಳಿಯುವ ಹಾಗೆ ನೆಲ ತುಳಿದಳು. ಧಪ್. ಧಪ್. ಡೋಲಿನವನು ಆ ಏಟು ಹಿಡಿದುಕೊಂಡ. ಹೇಮಧರ ನಿಂತಲ್ಲೇ ಸಾಲು ಕಟ್ಟಿದ.

"ಈ ಕಾಲು ನಿಂತರೆ ಹಬ್ಬವೂ ನಿಂತೀತು,
ಕೊಡಿರಣ್ಣ ಕಾಲಿಗೆ ಪಾಲು!"

ಬೇಲಿಯಾಚೆ ಜನ ಸೇರಿತು. ಒನಕೆ ತುಳಿಯುವ ಹೆಂಗಸರು ಮೊದಲು ಒಳಗೆ ಬಂದರು. ಅವರೂ ತುಳಿದರು. ಅವರೂ ಹಾಡಿದರು. ಡೋಲಿಗಿಂತ ಕಾಲಿನ ಸದ್ದೇ ಜೋರಾಯಿತು.

ತರುಲತಾ ಒಳಗಿಂದ ಅಡಿಕೆ ತಂದಳು. ಒಂದೇ ಒಂದು. ತೆಳ್ಳಗೆ ಕತ್ತರಿಸಿದಳು. ತಲೆ ಎತ್ತಿಕೊಂಡು ಎಲ್ಲರಿಗೂ ಹಂಚಿದಳು. ಆಮೇಲೆ ಮೇಳದವರು ಮನೆಯನ್ನು ಹರಸಲೆಂದು ಮೊಣಕಾಲೂರಿದಳು.

ಅಷ್ಟರಲ್ಲಿ ದೊಡ್ಡಮನೆಯ ಆಳು ಓಡಿ ಬಂದ.

"ಬೇಗ ಬರಬೇಕಂತೆ. ಮನೇಲಿ ನೆಂಟರಿದ್ದಾರೆ. ಆ ಅಳೋ ಹಾಡು ಇನ್ನೊಂದು ಸಲ ಬೇಕಂತೆ. ಯಜಮಾನರು ಕಾಯ್ತಿದ್ದಾರೆ."

ಹೇಮಧರ ಗುರುಗಳ ಮುಖ ನೋಡಿದ.

ಗುರುಗಳು ಅಂದರು:

"ಈ ಮನೆ ಇನ್ನೂ ಮುಗಿದಿಲ್ಲ. ಕಾಯಲಿ."